ಉಗುರಲ್ಲಿ ಚೆಂಡು ಹಿಡಿದ ಕಾಲು: ಈ ಮೇಜು ಯಾವ ಶೈಲಿಯದು?

ಪ್ರಶ್ನೆ: ನಮ್ಮಲ್ಲಿ ಹಳೇ ಮರದ ಮೇಜು ಒಂದಿದೆ. ಕಾಲುಗಳು ಬಾಗಿವೆ. ಪಾದದಲ್ಲಿ ಹಕ್ಕಿಯ ಉಗುರು ಚೆಂಡು ಹಿಡಿದ ಹಾಗೆ ಕೆತ್ತನೆ ಇದೆ. ನೋಡಿದವರೆಲ್ಲ ‘ಇದು ಚಿಪ್ಪೆಂಡೇಲ್’ ಅನ್ನುತ್ತಾರೆ. ನಿಜವಾ? ಶೈಲಿ ಗುರುತಿಸುವುದು ಹೇಗೆ?

ಉತ್ತರ: ಅವರು ಸುಮ್ನೆ ಏನೋ ಹೇಳುತ್ತಿಲ್ಲ. ಚಿಪ್ಪೆಂಡೇಲ್ 18ನೇ ಶತಮಾನದ ಇಂಗ್ಲೆಂಡಿನ ಹೆಸರಾಂತ ಬಡಗಿ, ಅವನ ಹೆಸರಿನ ಶೈಲಿಯೂ ಇದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಸೇರಿಕೊಂಡಿವೆ. ಮೇಜು ಯಾವ ಶೈಲಿಯದು ಅನ್ನುವುದು ಒಂದು, ಅದನ್ನು ಯಾವಾಗ ಮಾಡಿದರು ಅನ್ನುವುದು ಇನ್ನೊಂದು. ಶೈಲಿಯನ್ನು ಕಾಲು ಹೇಳುತ್ತದೆ. ವಯಸ್ಸು ಗೊತ್ತಾಗಬೇಕಾದರೆ ಮೇಜಿನ ಕೆಳಗೆ ಟಾರ್ಚ್ ಹಿಡಿದು ಮಲಗಬೇಕು.

ಮೊದಲು ಕಾಲು. ಮೊಣಕಾಲಿನ ಹತ್ತಿರ ಉಬ್ಬಿ, ಕೆಳಗೆ ಸಣ್ಣಗಾಗಿ, ಪಾದದ ಬಳಿ ಮತ್ತೆ ಹೊರಗೆ ಚಾಚುವ ಕಾಲಿಗೆ ಕ್ಯಾಬ್ರಿಯೋಲ್ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿ 18ನೇ ಶತಮಾನದ ಶುರುವಿನಲ್ಲಿ ಇದು ಜನಪ್ರಿಯವಾಯಿತು. ಕೆತ್ತನೆ ಕಡಿಮೆ ಇದ್ದು, ಪಾದ ದುಂಡಗೆ, ಸಾದಾ ಇದ್ದರೆ ಅದನ್ನು ಆಗಿನ ರಾಣಿಯ ಹೆಸರಲ್ಲಿ ಕ್ವೀನ್ ಆನ್ ಶೈಲಿ ಅನ್ನುವುದು ವಾಡಿಕೆ. ಉಗುರು-ಚೆಂಡಿನ ಪಾದ ಆಮೇಲೆ ಬಂತು. ಕೆತ್ತನೆಯೂ ಜಾಸ್ತಿಯಾಯಿತು.

ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಪೀಠೋಪಕರಣಗಳ ನಕ್ಷೆಗಳ ಒಂದು ಪುಸ್ತಕ ತಂದ. ಅದನ್ನು ನೋಡಿಕೊಂಡು ಊರೂರಿನ ಬಡಗಿಗಳು ಕೆಲಸ ಮಾಡಿದರು. ಹಾಗಾಗಿ ಚಿಪ್ಪೆಂಡೇಲ್ ಅಂದರೆ ಬಹಳ ಸಲ ಒಂದು ಶೈಲಿಯ ಹೆಸರೇ ಹೊರತು ಮಾಡಿದವನ ಹೆಸರಲ್ಲ. ಇನ್ನೂ ಒಂದು ವಿಷಯ ಕೇಳಿ. ಉಗುರು-ಚೆಂಡಿನ ಪಾದ ಆ ಪುಸ್ತಕದಲ್ಲಿ ಇಲ್ಲವೇ ಇಲ್ಲ! ಇವತ್ತು ಎಲ್ಲರೂ ಆ ಪಾದ ನೋಡಿಯೇ ಅವನ ಹೆಸರು ಹೇಳುತ್ತಾರೆ, ಅಲ್ವಾ?

ಮುಂದಿನ ಶೈಲಿಗಳಲ್ಲಿ ಕಾಲು ನೆಟ್ಟಗಾಗುತ್ತದೆ. ನಾಲ್ಕು ಮೂಲೆಯ ಕಾಲು ಕೆಳಗೆ ಹೋಗುತ್ತಾ ಸಣ್ಣಗಾದರೆ ಹೆಪ್ಪಲ್‌ವೈಟ್. ಇದೂ ಇಂಗ್ಲೆಂಡಿನ ಒಬ್ಬ ಬಡಗಿಯ ಹೆಸರು. ಅವನ ನಕ್ಷೆಗಳನ್ನು ಅವನು ತೀರಿಕೊಂಡ ಮೇಲೆ, 1788ರಲ್ಲಿ, ಅವನ ಹೆಂಡತಿ ಅಚ್ಚು ಹಾಕಿಸಿದಳು. ಲೇತಿನಲ್ಲಿ ಕಡೆದ ತೆಳು ದುಂಡು ಕಾಲು, ಅದರ ಮೇಲೆ ಉದ್ದುದ್ದ ಗೀರು ಇದ್ದರೆ ಸಾಮಾನ್ಯವಾಗಿ ಶೆರಟನ್, ಇದೂ ಇಂಗ್ಲೆಂಡಿನ ಒಬ್ಬ ನಕ್ಷೆಗಾರನ ಹೆಸರೇ. ಕಡೆದ ಕಾಲು ದಪ್ಪವಾಗಿ, ಭಾರವಾಗಿ ಕಂಡರೆ ವಿಕ್ಟೋರಿಯನ್ ಇರಬಹುದು, ಅಂದರೆ ವಿಕ್ಟೋರಿಯಾ ರಾಣಿಯ ಕಾಲದ, 1837ರಿಂದ 1901ರ ನಡುವಿನ ರುಚಿ.

ತೊಡಕು ಶುರುವಾಗುವುದೇ ಇಲ್ಲಿ. 19ನೇ ಶತಮಾನದಲ್ಲಿ ಹಳೇ ಶೈಲಿಗಳಿಗೆಲ್ಲ ಮತ್ತೆ ಬೇಡಿಕೆ ಬಂತು. ಆಗಲೂ, ಆಮೇಲೂ ಬಾಗಿದ ಕಾಲಿನ ಮೇಜುಗಳನ್ನು ರಾಶಿ ರಾಶಿ ಮಾಡಿದರು. ಕಾಲು ಒಂದನ್ನೇ ನಂಬಿದರೆ ನೂರು ವರ್ಷ ತಪ್ಪಬಹುದು.

ಅದಕ್ಕೇ ಕೆಳಗೆ ನೋಡಿ ಅನ್ನುವುದು. ಪಾಲಿಶ್ ಇಲ್ಲದ ಅಡಿಭಾಗದ ಮೇಲೆ ಬೆರಳು ಆಡಿಸಿ. ಕೈ ತೋಪಡ ಹೊಡೆದ ಹಲಗೆ ಪೂರ್ತಿ ಸಮ ಇರುವುದಿಲ್ಲ. ಸಣ್ಣ ಅಲೆಗಳು ಬೆರಳಿಗೆ ಸಿಗುತ್ತವೆ. ಟಾರ್ಚನ್ನು ಓರೆಯಾಗಿ ಹಿಡಿದರೆ ಕಣ್ಣಿಗೂ ಕಾಣುತ್ತವೆ. ಗರಗಸದ ಗೀರು ಕಮಾನಿನ ಹಾಗೆ ಬಾಗಿದ್ದರೆ ಹಲಗೆಯನ್ನು ಚಕ್ರ ಗರಗಸದಲ್ಲಿ ಸೀಳಿದ್ದಾರೆ. ಆಗ ಅದು ಬಹುಮಟ್ಟಿಗೆ 19ನೇ ಶತಮಾನದ್ದು ಅಥವಾ ಅದರ ನಂತರದ್ದು.

ಡ್ರಾಯರ್ ಇದ್ದರೆ ಹೊರಗೆ ಎಳೆದು ಮೂಲೆ ನೋಡಿ. ಪಾರಿವಾಳದ ಬಾಲದಂಥ ಜೋಡಣೆಯ ಹಲ್ಲುಗಳು ಒಂದೊಂದು ಒಂದೊಂದು ಅಳತೆ ಇದ್ದರೆ, ಪಕ್ಕದಲ್ಲಿ ಬಡಗಿ ಗುರುತಿಗೆ ಎಳೆದ ಸಣ್ಣ ಗೆರೆ ಉಳಿದಿದ್ದರೆ, ಅದು ಕೈಕೆಲಸ. ಎಲ್ಲ ಹಲ್ಲೂ ಅಚ್ಚು ಹೊಡೆದಂತೆ ಒಂದೇ ಥರ ಇದ್ದರೆ ಯಂತ್ರದ್ದು. ನನಗಂತೂ ಆ ಗೆರೆ ಕಂಡರೆ ಬಹಳ ಖುಷಿ. ಆ ಮನುಷ್ಯನ ಕೈ ಅಲ್ಲೇ ಇದ್ದಂತೆ ಅನ್ನಿಸುತ್ತದೆ.

ಮೇಜು ದುಂಡಗಿದ್ದರೆ ಟೇಪು ತನ್ನಿ. ಮರ ಒಣಗಿದಾಗ ಎಳೆಗೆ ಅಡ್ಡಲಾಗಿ ಕುಗ್ಗುತ್ತದೆ, ಎಳೆಯ ಉದ್ದಕ್ಕೆ ಕುಗ್ಗುವುದು ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ನಿಜಕ್ಕೂ ಹಳೆಯದಾದ ದುಂಡು ಮೇಜು ಎಷ್ಟೋ ಸಲ ಸ್ವಲ್ಪ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ.

ಸ್ಕ್ರೂ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಪ್ಲಸ್ ಗುರುತಿನ ಸ್ಕ್ರೂ 1930ರ ದಶಕದಲ್ಲಿ ಬಂದದ್ದು ನಿಜ, ಆದರೆ ಹಳೇ ಮೇಜಿನ ರಿಪೇರಿಗೂ ಅದನ್ನೇ ಹಾಕಿರಬಹುದು. ಕೆಲಸಕ್ಕೆ ಬಾರದ ತೂತುಗಳು ಜಾಸ್ತಿ ಇದ್ದರೆ ಮಾತ್ರ ಎಚ್ಚರ. ಒಂದು ಮೇಜಿನ ಹಲಗೆಯನ್ನು ಇನ್ನೊಂದರ ಕಾಲಿಗೆ ಜೋಡಿಸಿರಬಹುದು.

ಕೆಳಗೆ ಕೈಕೆಲಸದ ಗುರುತು ಸಿಕ್ಕಿದರೆ ನಿಮ್ಮ ಮೇಜು ಚಿಪ್ಪೆಂಡೇಲ್ ಕಾಲದ್ದೇ ಆಗಿರುವ ಸಾಧ್ಯತೆ ಇದೆ. ಚಕ್ರ ಗರಗಸದ ಕಮಾನು ಸಿಕ್ಕಿದರೆ ‘ಚಿಪ್ಪೆಂಡೇಲ್ ಶೈಲಿಯದು’ ಅನ್ನಿ. ನೋಡಿ ಮುಗಿಯುವವರೆಗೆ ದಯವಿಟ್ಟು ಉಜ್ಜುಕಾಗದ ಮುಟ್ಟಬೇಡಿ. ಈ ಗುರುತುಗಳೆಲ್ಲ ಮೊದಲು ಅಳಿಸಿಹೋಗುವುದು ಅದರಿಂದಲೇ.