ಮೊದಲು ಸ್ಕಾರ್ಫು, ಆಮೇಲೆ ಲಂಗ

2015ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಶಾರ್ಲವಿಲ್-ಮೆಝಿಯೇರ್ ಊರಿನಲ್ಲಿ 15 ವರ್ಷದ ಮುಸ್ಲಿಂ ಹುಡುಗಿಯೊಬ್ಬಳನ್ನು ಶಾಲೆಯಿಂದ ಮನೆಗೆ ಕಳಿಸಿದರು. ತಲೆಯ ಸ್ಕಾರ್ಫನ್ನು ಆಕೆ ಗೇಟಿನ ಹೊರಗೇ ತೆಗೆದಿದ್ದಳು, ತಕರಾರು ಅದರದ್ದಲ್ಲ. ಉಟ್ಟಿದ್ದ ಕಪ್ಪು ಲಂಗ ಜಾಸ್ತಿ ಉದ್ದ ಆಯಿತಂತೆ! ಅದೇ ಲಂಗ ಪಕ್ಕದ ಬೆಂಚಿನ ಕ್ರೈಸ್ತ ಹುಡುಗಿಯ ಮೈಮೇಲಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಲ್ವಾ?

ಇದು ಶುರುವಾಗಿದ್ದು 1989ರಲ್ಲಿ, ಪ್ಯಾರಿಸ್ ಹತ್ತಿರದ ಕ್ರೇಯ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಜೀರಿಯಾ, ಮೊರಾಕೊ, ಟ್ಯುನೀಷಿಯಾಗಳಿಂದ ಕಾರ್ಖಾನೆ ಕೆಲಸಕ್ಕೆ ಗಂಡಸರನ್ನು ಕರೆಸಿಕೊಂಡಿದ್ದರು, ಹೆಂಡತಿ ಮಕ್ಕಳೂ ಬಂದರು, ಆ ಮಕ್ಕಳು ಶಾಲೆಗೆ ಸೇರಿದರು. ಅಂಥ ಮನೆಗಳ ಮೂವರು ಹುಡುಗಿಯರು ಸ್ಕಾರ್ಫ್ ಬಿಚ್ಚಲ್ಲ ಅಂದಾಗ ಹೆಡ್‌ಮಾಸ್ಟರು ತರಗತಿಗೆ ಬಿಡಲಿಲ್ಲ. ಸರ್ಕಾರ ತನ್ನ ಉನ್ನತ ಆಡಳಿತ ನ್ಯಾಯಾಲಯವನ್ನು ಕೇಳಿತು. ನವೆಂಬರ್‌ನಲ್ಲಿ ಅದು ಹೇಳಿದ್ದು ಇಷ್ಟು: ಒತ್ತಡ ಹೇರದೆ, ಪ್ರಚಾರ ಮಾಡದೆ, ಪಾಠಕ್ಕೆ ಅಡ್ಡಿಯಾಗದೆ ಇದ್ದರೆ ಹಾಕಿಕೊಳ್ಳಬಹುದು. ಧರ್ಮದಿಂದ ದೂರ ಇರಬೇಕಾದದ್ದು ಸರ್ಕಾರ ಮತ್ತು ಮೇಷ್ಟ್ರು, ಮಕ್ಕಳಲ್ಲ.

ಆ ಲೆಕ್ಕ 15 ವರ್ಷದಲ್ಲಿ ತಲೆಕೆಳಗಾಯಿತು. 2004ರ ಮಾರ್ಚ್ 15ರ ಕಾನೂನು, ಧರ್ಮವನ್ನು ಎದ್ದು ಕಾಣುವಂತೆ ತೋರಿಸುವ ಗುರುತುಗಳನ್ನು ಸರ್ಕಾರಿ ಶಾಲೆಗಳ ಮಕ್ಕಳಿಗೆ ನಿಷೇಧಿಸಿತು. (ನಮ್ಮ ಹೈಕೋರ್ಟಿನ ಹಿಜಾಬ್ ತೀರ್ಪು ಬಂದದ್ದೂ ಮಾರ್ಚ್ 15ರಂದೇ, 2022ರಲ್ಲಿ. ಸುಮ್ನೆ ಕಾಕತಾಳೀಯ, ಆದರೆ ಉಡುಪಿಯ ಗೇಟು ನೆನಪಾಗದೆ ಇರಲಿಲ್ಲ.) ಯಹೂದಿ ಟೋಪಿ, ದೊಡ್ಡ ಶಿಲುಬೆಯೂ ಇದರಲ್ಲಿ ಸೇರಿದವು. ಅದೇ ವರ್ಷ ಪೇಟ ತೆಗೆಯದ ಸಿಖ್ ಹುಡುಗರೂ ಶಾಲೆ ಕಳೆದುಕೊಂಡರು.

ಕಾನೂನಿನ ಜೊತೆ ಬಂದ ಸುತ್ತೋಲೆಯಲ್ಲಿ ಒಂದು ಮಾತಿದೆ: ಧರ್ಮ ಯಾವುದೆಂದು ನೋಡಿದ ತಕ್ಷಣ ಗೊತ್ತಾಗಬಾರದು. ಯಾರಿಗೆ ಗೊತ್ತಾಗಬಾರದು? ಗೇಟಿನಲ್ಲಿ ನಿಂತವರಿಗೆ ತಾನೇ. ಅವರಿಗೆ ಹುಡುಗಿಯ ಹೆಸರು ಗೊತ್ತು, ಬಣ್ಣ ಕಾಣುತ್ತೆ, ಸಂಜೆ ಸ್ಕಾರ್ಫ್ ಹಾಕಿಕೊಂಡು ಹೋಗುವುದೂ ಕಾಣುತ್ತೆ. ಹಾಗಾಗಿ ಅವಳು ಏನೇ ಉಟ್ಟರೂ ಅದು ಗುರುತೇ ಆಗಿಬಿಡುತ್ತೆ. ಲಂಗ ಸಿಕ್ಕಿಬಿದ್ದದ್ದು ಹೀಗೆ.

2023ರಲ್ಲಿ ಅಬಾಯಾ, ಅಂದರೆ ಸಡಿಲವಾದ ಉದ್ದ ನಿಲುವಂಗಿಯ ಸರದಿ. ಶಿಕ್ಷಣ ಮಂತ್ರಿ ಗಾಬ್ರಿಯೆಲ್ ಅತ್ತಾಲ್ ಅದನ್ನು ನಿಷೇಧಿಸಿದರು. ಸೆಪ್ಟೆಂಬರ್ 4ಕ್ಕೆ ಶಾಲೆ ತೆರೆದಾಗ 298 ಹುಡುಗಿಯರು ಅದನ್ನೇ ತೊಟ್ಟು ಬಂದರು. ಹೆಚ್ಚಿನವರು ಬದಲಾಯಿಸಿಕೊಂಡು ಒಳಗೆ ಹೋದರು. 67 ಮಂದಿ ಒಪ್ಪದೆ ಮನೆಗೆ ವಾಪಸ್ ಹೋದರು.