ಓದಿನ ಗ್ರಹಿಕೆ: ಗಿಮ್ಮ ಪೊಲಕಿದ್ದು ಎಲ್ಲಿ?

ಮೊದಲು ಈ ಎರಡು ಸಾಲು ಓದಿ: "ಗಿಮ್ಮನು ತೊಳಂಬಿಯ ಮೇಲೆ ಪೊಲಕಿದನು. ಆಗ ಅವನ ಜುರಿ ಕೆಳಗೆ ಬಿತ್ತು."

ಈಗ ಪ್ರಶ್ನೆ. ಗಿಮ್ಮನು ಎಲ್ಲಿ ಪೊಲಕಿದನು? ತೊಳಂಬಿಯ ಮೇಲೆ. ಕೆಳಗೆ ಬಿದ್ದದ್ದು ಏನು? ಜುರಿ. ಎರಡಕ್ಕೆ ಎರಡು ಮಾರ್ಕ್ಸ್! ಆದರೆ ಗಿಮ್ಮ ಯಾರು, ಪೊಲಕುವುದು ಅಂದರೆ ಏನು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಆ ಪದಗಳನ್ನು ಸುಮ್ನೆ ನಾನೇ ಹುಟ್ಟಿಸಿದ್ದು. 'ಮೇಲೆ', 'ಕೆಳಗೆ', 'ಬಿತ್ತು' ಇಷ್ಟು ಹಿಡಿದುಕೊಂಡೇ ನೀವು ಪಾಸಾದಿರಿ.

"ಗದ್ಯಭಾಗವನ್ನು ಓದಿ ಕೆಳಗಿನ ಪ್ರಶ್ನೆಗಳಿಗೆ ಉತ್ತರಿಸಿ" ಎಂಬಲ್ಲಿ ಎಷ್ಟೋ ಮಕ್ಕಳು ಮಾಡುವುದು ಇದನ್ನೇ. ಪ್ರಶ್ನೆಯಲ್ಲಿರುವ ಪದವನ್ನು ಪಾಠದಲ್ಲಿ ಹುಡುಕಿ, ಅದರ ಅಕ್ಕಪಕ್ಕದ ಸಾಲನ್ನು ಇಳಿಸಿಕೊಳ್ಳುತ್ತಾರೆ. ಅಲ್ಲಿ ಓದು ಇದೆ, ಗ್ರಹಿಕೆ ಇಲ್ಲ.

ಅಕ್ಷರ ನೋಡಿ ಉಚ್ಚರಿಸುವುದು ಒಂದು ಕೆಲಸ. ಓದಿದ್ದು ಮನಸ್ಸಿನಲ್ಲಿ ಚಿತ್ರವಾಗಿ, ಮೊದಲೇ ಗೊತ್ತಿದ್ದ ವಿಷಯದ ಜೊತೆ ಕೂಡಿಕೊಳ್ಳುವುದು ಇನ್ನೊಂದು. ಈ ಎರಡನೆಯದೇ ಓದಿನ ಗ್ರಹಿಕೆ. ಗ್ರಹಿಸು ಎಂದರೆ ಹಿಡಿದುಕೊಳ್ಳು. ನನಗಂತೂ 'ತಿಳಿ' ಎಂಬ ಪದವೇ ಜಾಸ್ತಿ ಇಷ್ಟ. ವಿಷಯ ತಿಳಿಯುವುದೂ ಅದೇ, ತಿಳಿನೀರೂ ಅದೇ. ಬಗ್ಗಡ ಕೂತ ಮೇಲೆ ತಳ ಕಾಣುತ್ತದೆ, ಅಲ್ವಾ?

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಇದನ್ನು ಒಂದು ಲೆಕ್ಕದಂತೆ ಹೇಳಿದರು. ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ಅರ್ಥಮಾಡಿಕೊಳ್ಳುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಓದು. ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಎರಡರಲ್ಲಿ ಒಂದು ಸೊನ್ನೆಯಾದರೂ ಉತ್ತರ ಸೊನ್ನೆಯೇ.

ಕನ್ನಡದಲ್ಲಿ ಈ ಸೊನ್ನೆ ಕಣ್ಣಿಗೆ ಬೀಳುವುದು ಕಷ್ಟ. ನಮ್ಮದು ಹೆಚ್ಚುಕಡಿಮೆ ಬರೆದಂತೆ ಓದುವ ಭಾಷೆ. ಕಾಗುಣಿತ, ಒತ್ತಕ್ಷರ ಕೈವಶವಾದ ಮಗು ಪತ್ರಿಕೆಯ ಸಂಪಾದಕೀಯವನ್ನೂ ಗಟ್ಟಿಯಾಗಿ ಓದಿಬಿಡುತ್ತದೆ. ಕೇಳುವ ಅಜ್ಜ ಅಜ್ಜಿಗೆ ಖುಷಿಯೋ ಖುಷಿ. ಅರ್ಥವಾಗಿದೆಯೇ ಎಂದು ಯಾರೂ ಕೇಳುವುದಿಲ್ಲ. ಇದರ ಮೇಲೆ ಮನೆಮಾತಿನ ತೊಡಕು ಬೇರೆ. ಮನೆಯಲ್ಲಿ ತುಳುವೋ ಉರ್ದುವೋ ಇರಬಹುದು. ಕನ್ನಡವೇ ಇದ್ದರೂ "ಹೋಗ್ಯಾನ" ಎನ್ನುವ ಮಗುವಿಗೆ ಪುಸ್ತಕದ "ಹೋಗಿದ್ದಾನೆ" ಸ್ವಲ್ಪ ದೂರದ ನೆಂಟನೇ.

ಹಾಗಂತ ಅಕ್ಷರವೆಲ್ಲ ಬರಲಿ, ಆಮೇಲೆ ಅರ್ಥ ನೋಡೋಣ ಎಂದು ಕೂತರೂ ಕೆಟ್ಟೆವು. ಕನ್ನಡದ ಅಕ್ಷರಗಳು ಪೂರ್ತಿ ಹಿಡಿತಕ್ಕೆ ಬರಲು ನಾಲ್ಕನೇ ತರಗತಿಯವರೆಗೂ ಸಮಯ ಬೇಕಾಗುತ್ತದೆ ಎಂದು ಸಂಶೋಧಕಿ ಸೋನಾಲಿ ನಾಗ್ ಅವರ 2007ರ ಅಧ್ಯಯನ ತೋರಿಸಿದೆ. ಅಲ್ಲಿಯವರೆಗೆ ಗ್ರಹಿಕೆಯನ್ನು ಬೆಳೆಸುವ ದಾರಿ ಕಿವಿ ಮತ್ತು ಕಣ್ಣು. ಅಂದರೆ ಕಥೆ ಮತ್ತು ಚಿತ್ರ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಿ. ಊರಿಗೊಂದು ರೂಪ ಇದ್ದರೂ ಬೇರು ಒಂದೇ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. "ಒಂದು ದಿನ ಧೋ ಎಂದು ಮಳೆ ಬಂತು. ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ತಟ್ಟಿದಳು." ಈ ಎರಡು ವಾಕ್ಯಗಳ ನಡುವೆ ಒಂದು ಮನೆ ಕರಗಿ ಹೋಗಿದೆ. ಕಥೆ ಅದನ್ನು ಬಾಯಿಬಿಟ್ಟು ಹೇಳಲೇ ಇಲ್ಲ. ಕೇಳುವವರೇ ತುಂಬಿಕೊಳ್ಳಬೇಕು. ಹಟ್ಟಿ ನೋಡಿದ ಮಗು ತಕ್ಷಣ ತುಂಬಿಕೊಳ್ಳುತ್ತದೆ. ಅಪಾರ್ಟ್‌ಮೆಂಟಿನ ಏಳನೇ ಮಹಡಿಯ ಮಗುವಿಗೆ ಸಗಣಿ ನೀರಿನಲ್ಲಿ ಕರಗುತ್ತದೆ ಎಂಬುದೇ ಗೊತ್ತಿರಲಿಕ್ಕಿಲ್ಲ. ಅದು ದಡ್ಡತನವಲ್ಲ, ಕಂಡಿಲ್ಲ ಅಷ್ಟೆ.

ಚಿತ್ರ ಬೇಕಾಗುವುದು ಇಲ್ಲಿ. ನಾಲ್ಕು ರಟ್ಟಿನ ತುಂಡು ಸಾಕು. ಒಂದರಲ್ಲಿ ಎರಡು ಮನೆ, ಒಂದರಲ್ಲಿ ಮಳೆ, ಒಂದರಲ್ಲಿ ಬಾಗಿಲು ತಟ್ಟುವ ಕಾಗಕ್ಕ. ಮಳೆ ಮತ್ತು ಬಾಗಿಲಿನ ನಡುವೆ ಇಡುವ ತುಂಡು ಖಾಲಿ. "ಇಲ್ಲಿ ಏನಾಗಿರಬಹುದು? ನೀನೇ ಬರಿ" ಎಂದು ಬಣ್ಣದ ಪೆನ್ಸಿಲ್ ಕೊಡಿ. ಮಗು ಬರೆಯುವ ಆ ಚಿತ್ರವೇ ಗ್ರಹಿಕೆ. ಹತ್ತು ಪ್ರಶ್ನೆ ಕೇಳಿದರೂ ಇಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ. ಇನ್ನೂ ಗೊಂದಲವಿದ್ದರೆ ಒಂದು ಬಟ್ಟಲಲ್ಲಿ ಮಣ್ಣಿನ ಉಂಡೆ, ಇನ್ನೊಂದರಲ್ಲಿ ಕಲ್ಲು ಇಟ್ಟು ನೀರು ಹೊಯ್ದು ತೋರಿಸಿ. ನೆಲ ಗಲೀಜಾಗುತ್ತದೆ, ಆಗಲಿ.

ಮುಂದೆ ಗುಬ್ಬಕ್ಕ ಬಾಗಿಲು ತೆಗೆಯುವುದಿಲ್ಲ. "ತಾಳು, ಮಗುವಿಗೆ ಸ್ನಾನ ಮಾಡಿಸ್ತಿದ್ದೀನಿ" ಅನ್ನುತ್ತಾಳೆ. ನಿಜವಾಗಿ ಕೆಲಸ ಇತ್ತೋ, ಮನಸ್ಸಿರಲಿಲ್ಲವೋ? ಗುಬ್ಬಕ್ಕನ ತಲೆಯ ಮೇಲೆ ಎರಡು ಗುಳ್ಳೆ ಬರೆಯಿರಿ. ಒಂದು ಆಡಿದ ಮಾತಿಗೆ, ಇನ್ನೊಂದು ಮನಸ್ಸಿನ ಮಾತಿಗೆ. ಬಾಯಿ ಒಂದು, ಮನಸ್ಸು ಇನ್ನೊಂದು ಆಗಬಹುದು ಎಂಬುದು ಕೆಲವು ಮಕ್ಕಳಿಗೆ ಸುಲಭಕ್ಕೆ ಹೊಳೆಯುವುದಿಲ್ಲ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಈ ಗುಳ್ಳೆಗಳು ತುಂಬ ಸಹಾಯ ಮಾಡುತ್ತವೆ. ಅವರಲ್ಲಿ ಕೆಲವರು ಮೂರು ನಾಲ್ಕು ವರ್ಷಕ್ಕೇ ಯಾರೂ ಕಲಿಸದೆ ಓದುತ್ತಾರೆ, ಆದರೆ ಅರ್ಥ ಹಿಂದೆಯೇ ಉಳಿದಿರುತ್ತದೆ. ಇದಕ್ಕೆ 1967ರಿಂದ ಹೈಪರ್‌ಲೆಕ್ಸಿಯಾ ಎಂಬ ಹೆಸರಿದೆ.

ಚಿತ್ರವನ್ನು ಯಾವಾಗ ತೋರಿಸುತ್ತೀರಿ ಎಂಬುದೂ ಮುಖ್ಯ. 1972ರಲ್ಲಿ ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಪ್ರತಿ ಪದವೂ ಸುಲಭ, ಒಟ್ಟು ಮಾತ್ರ ತಲೆಬುಡ ತಿಳಿಯದಂಥ ಒಂದು ಗದ್ಯವನ್ನು ಜನರಿಗೆ ಕೇಳಿಸಿದರು. ಅದರ ಸನ್ನಿವೇಶ ಒಂದು ಚಿತ್ರದಲ್ಲಿತ್ತು: ಕೆಳಗೆ ಗಿಟಾರ್ ಹಿಡಿದ ಹುಡುಗ, ಮೇಲೆ ಕಿಟಕಿಯಲ್ಲಿ ಹುಡುಗಿ, ಹಾಡು ಅಷ್ಟೆತ್ತರಕ್ಕೆ ಕೇಳಲೆಂದು ಬಲೂನುಗಳಿಗೆ ಕಟ್ಟಿ ತೇಲಿಬಿಟ್ಟ ಸ್ಪೀಕರ್. ಚಿತ್ರವನ್ನು ಮೊದಲೇ ನೋಡಿದವರಿಗೆ ಅರ್ಥವೂ ಆಯಿತು, ನೆನಪೂ ಉಳಿಯಿತು. ಕೇಳಿ ಮುಗಿದ ಮೇಲೆ ನೋಡಿದವರಿಗೆ ಹೆಚ್ಚೇನೂ ಪ್ರಯೋಜನ ಆಗಲಿಲ್ಲ. ಅವರು ಪುಟ್ಟ ಮಕ್ಕಳಲ್ಲ, ಹೈಸ್ಕೂಲು ಓದುತ್ತಿದ್ದವರು, ನಿಜ. ಆದರೂ ಪಾಠ ಮುಗಿಸಿ ಕೊನೆಗೆ ಚಾರ್ಟ್ ತೂಗುಹಾಕುವ ನಮ್ಮ ಅಭ್ಯಾಸ ನೆನಪಾಗುತ್ತದೆ.

ಒಂದು ಎಚ್ಚರಿಕೆ. ಚಿತ್ರ ಊರುಗೋಲು ಇದ್ದಂತೆ. ಕಥೆಯೆಲ್ಲ ಚಿತ್ರದಲ್ಲೇ ಇದ್ದರೆ ಮಗು ಸಾಲುಗಳ ತಂಟೆಗೇ ಹೋಗುವುದಿಲ್ಲ, ಚಿತ್ರ ನೋಡಿ ಊಹಿಸಿ ಓದಿದಂತೆ ನಟಿಸುತ್ತದೆ. ಜಾಣ ಮಕ್ಕಳು ಇದರಲ್ಲಿ ಪಳಗಿರುತ್ತಾರೆ. ಅದಕ್ಕೇ ಕೆಲವು ದಿನದ ಮೇಲೆ ಒಂದೊಂದೇ ರಟ್ಟು ಹಿಂದಕ್ಕೆ ತೆಗೆದುಕೊಳ್ಳಿ. ಕೊನೆಗೆ ಚಿತ್ರವಿಲ್ಲದೆ ಕಥೆ ಹೇಳಲಿ, ಅದೂ ತನ್ನ ಮನೆಮಾತಿನಲ್ಲಿ. ಕೈಬೆರಳು ಎಣಿಸಿಕೊಂಡು ಹೇಳಿದರೂ ಸರಿ: ಯಾರು, ಎಲ್ಲಿ, ಏನಾಯ್ತು, ಯಾಕೆ, ಕೊನೆಗೇನು.

ಇನ್ನು ಓದುತ್ತಾ ಓದುತ್ತಾ ಮಗು ನಡುವೆ ನಿಂತು, "ಅಮ್ಮಾ, ಪೊಲಕೋದು ಅಂದ್ರೇನು?" ಎಂದರೆ "ಸುಮ್ನೆ ಮುಂದೆ ಓದು" ಎನ್ನಬೇಡಿ. ನೀವು ಇಷ್ಟು ದಿನ ಕಾಯುತ್ತಿದ್ದದ್ದು ಅದಕ್ಕೇ.