ಒಂದು ಊಟ, ಒಂದು ಪೊರೆ

ರೋಡ್ನಿಯಸ್ ಎಂಬ ರಕ್ತ ಹೀರುವ ಕೀಟದ ಹಸಿದ ಮರಿಯ ಹೊಟ್ಟೆ ಕಾಗದದ ಹಾಗೆ ಚಪ್ಪಟೆಯಾಗಿರುತ್ತದೆ. ಬಿಸಿನೀರು ತುಂಬಿದ ಗಾಜಿನ ನಳಿಕೆಯನ್ನು ಅದರ ಹತ್ತಿರ ಹಿಡಿದರೆ ಸಾಕು, ಕುಡಿಮೀಸೆಗಳು ಆ ಕಡೆ ತಿರುಗುತ್ತವೆ. ತಲೆಯಡಿ ಮಡಚಿಟ್ಟುಕೊಂಡಿದ್ದ ಸೂಜಿಯಂಥ ಬಾಯಿ ಮುಂದಕ್ಕೆ ಚಾಚುತ್ತದೆ. ಅದಕ್ಕೆ ಬೇಕಾದದ್ದು ರಕ್ತ, ಆದರೆ ಅದು ನಂಬುವುದು ಶಾಖವನ್ನು. ಎರಡೂ ಮೀಸೆಗಳನ್ನು ಕತ್ತರಿಸಿಬಿಟ್ಟರೆ ನಳಿಕೆ ಎಲ್ಲಿದೆ ಎಂದು ಅದಕ್ಕೆ ತಿಳಿಯುವುದೇ ಇಲ್ಲ.

1934ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಇದನ್ನು ತೋರಿಸಿದವರು ವಿನ್ಸೆಂಟ್ ವಿಗಲ್ಸ್‌ವರ್ತ್. ಇಂಗ್ಲೆಂಡಿನವರು, 1899ರಲ್ಲಿ ಹುಟ್ಟಿದವರು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿದ್ದರು, ಆಮೇಲೆ ಕೇಂಬ್ರಿಜ್‌ನಲ್ಲಿ ಓದಿದರು, ವೈದ್ಯಕೀಯವನ್ನೂ ಕಲಿತರು. 1926ರಲ್ಲಿ ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್ ಸೇರಿದರು. ರೋಗ ಹರಡುವ ಕೀಟವನ್ನು ಹತೋಟಿಯಲ್ಲಿಡಬೇಕಾದರೆ ಅದರ ಒಡಲು ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲು ತಿಳಿಯಬೇಕು ಅಲ್ವಾ? ಅವರ ಕೆಲಸ ಅದೇ ಆಗಿತ್ತು.

ರೋಡ್ನಿಯಸ್ ತಿಗಣೆಯ ಹಾಗೆ ರಕ್ತ ಹೀರುವ, ದಕ್ಷಿಣ ಅಮೆರಿಕದ ದೊಡ್ಡ ಕೀಟ. ಚಾಗಸ್ ಎಂಬ ಕೆಟ್ಟ ಕಾಯಿಲೆಯನ್ನು ಹರಡುತ್ತದೆ. ಆದರೆ ವಿಜ್ಞಾನಿಗೆ ಇದಕ್ಕಿಂತ ಒಳ್ಳೆಯ ಜೀವಿ ಸಿಗುವುದು ಕಷ್ಟ. ಮೊಟ್ಟೆಯಿಂದ ಬಂದ ಮರಿ ರೆಕ್ಕೆ ಮೂಡುವ ಮೊದಲು ಐದು ಹಂತ ದಾಟುತ್ತದೆ. ಪ್ರತಿ ಹಂತಕ್ಕೂ ಒಂದೇ ಒಂದು ಭರ್ಜರಿ ಊಟ ಸಾಕು. ತನ್ನ ತೂಕದ ಹತ್ತು ಪಟ್ಟಿನಷ್ಟು ರಕ್ತ ಹೀರಿ ದ್ರಾಕ್ಷಿಯ ಹಾಗೆ ಊದಿಕೊಳ್ಳುತ್ತದೆ. ಹೆಚ್ಚಿನ ನೀರನ್ನು ಕೆಲವೇ ಗಂಟೆಗಳಲ್ಲಿ ಹೊರಹಾಕುತ್ತದೆ. ಕೆಲವು ವಾರ ಕಳೆದ ಮೇಲೆ ಪೊರೆ ಬಿಡುತ್ತದೆ. ಊಟ ಕೊಡದಿದ್ದರೆ ತಿಂಗಳುಗಟ್ಟಲೆ ಹಾಗೇ ಕಾಯುತ್ತದೆ. ಅಂದರೆ ಬೆಳವಣಿಗೆಯ ಗಡಿಯಾರಕ್ಕೆ ಕೀಲಿ ಕೊಡುವುದು ಯಾವಾಗ ಎನ್ನುವುದು ಸಂಶೋಧಕರ ಕೈಯಲ್ಲೇ ಇರುತ್ತದೆ.

ಕೀಲಿ ತಿರುಗುವುದು ಹೇಗೆ? ಸ್ವಲ್ಪ ಸ್ವಲ್ಪವೇ ರಕ್ತ ಹಲವು ಸಲ ಕೊಟ್ಟರೆ ಮರಿ ಬದುಕುತ್ತದೆ, ಆದರೆ ಪೊರೆ ಬಿಡುವುದಿಲ್ಲ. ಹಾಗಾದರೆ ರಕ್ತದಲ್ಲಿರುವ ಪೋಷಣೆ ಮಾತ್ರ ಸಾಲದು, ಹೊಟ್ಟೆ ಬಿಗಿಯಾಗಿ ಹಿಗ್ಗಬೇಕು. ಹೊಟ್ಟೆಯಿಂದ ತಲೆಗೆ ಹೋಗುವ ನರವನ್ನು ಕತ್ತರಿಸಿದರೂ ಪೊರೆ ಬಿಡುವುದು ನಿಲ್ಲುತ್ತದೆ. ಹಿಗ್ಗಿದ ಸುದ್ದಿ ತಲೆಗೆ ತಲುಪಲೇಬೇಕು.

ಇಲ್ಲಿಂದ ಮುಂದಿನ ಪ್ರಯೋಗಗಳನ್ನು ಓದುವಾಗ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ವಿಗಲ್ಸ್‌ವರ್ತ್ ಮರಿಗಳ ತಲೆ ಕತ್ತರಿಸಿ, ಗಾಯಕ್ಕೆ ಮೇಣ ಮೆತ್ತಿದರು. ಕೀಟ ಉಸಿರಾಡುವುದು ಮೈಪಕ್ಕದ ರಂಧ್ರಗಳಿಂದ. ಹಾಗಾಗಿ ತಲೆಯಿಲ್ಲದ ರೋಡ್ನಿಯಸ್ ಒಂದು ವರ್ಷಕ್ಕಿಂತ ಜಾಸ್ತಿ ಬದುಕಿದ್ದೂ ಉಂಟು. ಊಟವಾದ ಕೂಡಲೇ ತಲೆ ತೆಗೆದರೆ ಅದು ಬದುಕಿರುತ್ತದೆ, ಬೆಳೆಯುವುದಿಲ್ಲ. ಐದನೇ ಹಂತದ ಮರಿಯಲ್ಲಿ ಸುಮಾರು ಒಂದು ವಾರ ಬಿಟ್ಟು ತೆಗೆದರೆ, ತಲೆಯಿಲ್ಲದಿದ್ದರೂ ಹೊಸ ಚರ್ಮ ಮೂಡುತ್ತದೆ. ಆ ವಾರದಲ್ಲಿ ತಲೆ ಏನನ್ನೋ ಕಳಿಸಿ ಮುಗಿಸಿರುತ್ತದೆ.

ಅದು ರಕ್ತದಲ್ಲಿ ಹರಿಯುವ ವಸ್ತುವೇ? ತಡವಾಗಿ ತಲೆ ತೆಗೆದ ಮರಿಯನ್ನೂ ಬೇಗ ತಲೆ ತೆಗೆದ ಮರಿಯನ್ನೂ ಕುತ್ತಿಗೆಗೆ ಕುತ್ತಿಗೆ ತಾಗಿಸಿ ಮೇಣದಿಂದ ಅಂಟಿಸಿದರು. ಒಂದರ ರಕ್ತ ಇನ್ನೊಂದಕ್ಕೆ ಹರಿಯಿತು. ಎರಡೂ ಬೆಳೆದವು. 1940ರ ಹೊತ್ತಿಗೆ ಮಿದುಳಿನ ಯಾವ ಜೀವಕೋಶಗಳು ಈ ಕೆಲಸ ಮಾಡುತ್ತವೆ ಎನ್ನುವುದನ್ನೂ ಅವರು ಗುರುತಿಸಿದ್ದರು. ಆ ಭಾಗವನ್ನು ತಲೆಯಿಲ್ಲದ ಮರಿಯೊಳಗೆ ನೆಟ್ಟರೆ ಅದು ಪೊರೆ ಬಿಡಲು ಶುರುಮಾಡುತ್ತಿತ್ತು. ನರಕೋಶವೂ ಹಾರ್ಮೋನು ಸುರಿಸಬಲ್ಲದು ಎಂಬ ಮಾತಿಗೆ ಇದು ಗಟ್ಟಿ ಆಧಾರವಾಯಿತು.

ಇನ್ನೊಂದು ಒಗಟು ಉಳಿದಿತ್ತು. ನಾಲ್ಕು ಸಲ ಪೊರೆ ಬಿಟ್ಟರೂ ಮರಿ ಮರಿಯಾಗಿಯೇ ಉಳಿಯುತ್ತದೆ, ಐದನೆಯ ಸಲ ರೆಕ್ಕೆ ಬರುತ್ತದೆ. ಯಾಕೆ? ಮಿದುಳಿನ ಹಿಂದೆ ಪುಟ್ಟ ಗ್ರಂಥಿಯೊಂದಿದೆ, ಕಾರ್ಪಸ್ ಅಲೇಟಮ್ ಎಂದು ಹೆಸರು. ಅದು ಸುರಿಸುವ ರಸವೇ ಕೀಟವನ್ನು ಮರಿಯಾಗಿಯೇ ಇಡುತ್ತದೆ, ಐದನೇ ಹಂತದಲ್ಲಿ ಆ ರಸ ನಿಲ್ಲುತ್ತದೆ. ಚಿಕ್ಕ ಮರಿಯ ಗ್ರಂಥಿಯನ್ನು ಐದನೇ ಹಂತದ ಮರಿಗೆ ಕಸಿ ಮಾಡಿದಾಗ ರೆಕ್ಕೆ ಬರಲಿಲ್ಲ. ಪ್ರಕೃತಿಯಲ್ಲಿ ಇಲ್ಲದ ಆರನೇ ಹಂತದ ದೈತ್ಯ ಮರಿ ಹುಟ್ಟಿತು. ಇದಕ್ಕೆ ತಿರುಗುಮುರುಗಾಗಿ, ತಲೆ ತೆಗೆದ ಮೊದಲ ಹಂತದ ಮರಿಗೆ ಐದನೇ ಹಂತದ ಮರಿಯ ರಕ್ತ ಹರಿಸಿದಾಗ ಅದು ಒಮ್ಮೆಲೇ ಪ್ರಾಯಕ್ಕೆ ಬಂದು, ಪುಟಾಣಿ ವಯಸ್ಕ ಕೀಟವಾಯಿತು. ಗ್ರಂಥಿಯ ಆ ರಸವನ್ನು ಈಗ ಜುವೆನೈಲ್ ಹಾರ್ಮೋನು ಎನ್ನುತ್ತಾರೆ. ಸೊಳ್ಳೆಯ ಮರಿಗಳು ದೊಡ್ಡವಾಗದಂತೆ ನೀರಿಗೆ ಹಾಕುವ ಮೆಥೊಪ್ರೀನ್ ಇದನ್ನೇ ಅನುಕರಿಸುವ ವಸ್ತು.

ಮುಂದೆ ಅವರು ಕೇಂಬ್ರಿಜ್‌ನಲ್ಲಿ ಪ್ರಾಧ್ಯಾಪಕರಾದರು. 1964ರಲ್ಲಿ ಸರ್ ಪದವಿ ಬಂತು. ನಿವೃತ್ತಿಯ ನಂತರವೂ ಕೆಲಸ ಬಿಡಲಿಲ್ಲ, 1994ರಲ್ಲಿ ತೀರಿಕೊಂಡರು. ಅವರ ಪ್ರಯೋಗಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಒಂದಿದೆ. ಜುವೆನೈಲ್ ಹಾರ್ಮೋನು ಚರ್ಮದ ಜೀವಕೋಶಗಳ ಮೇಲೆ ನೇರವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಬೇಕಿತ್ತು. ಐದನೇ ಹಂತದ ಮರಿಯ ಹೊಟ್ಟೆಯ ಮೇಲೆ ಮೇಲ್ಪದರವನ್ನು ಸ್ವಲ್ಪ ಕೆರೆದು, ಅಲ್ಲಿಗೆ ಮಾತ್ರ ಹಾರ್ಮೋನು ಸವರಿದರು. ಮರಿ ಪೊರೆ ಬಿಟ್ಟು ವಯಸ್ಕ ಕೀಟವಾಗಿ ಹೊರಬಂತು. ಮೈಯೆಲ್ಲ ವಯಸ್ಕ ಚರ್ಮ. ಆದರೆ ಸವರಿದ ಗೆರೆಗಳುದ್ದಕ್ಕೂ ಮಾತ್ರ ಮರಿಯ ಚರ್ಮ ಹಾಗೇ ಉಳಿದಿತ್ತು. ಆ ಗೆರೆಗಳನ್ನು ಕೂಡಿಸಿ ಓದಿದರೆ ಮೂರು ಅಕ್ಷರ: ವಿ, ಬಿ, ಡಬ್ಲ್ಯು. ವಿನ್ಸೆಂಟ್ ಬ್ರಯನ್ ವಿಗಲ್ಸ್‌ವರ್ತ್.